ಶ್ರವಣದೋಷವುಳ್ಳ ಪುಟ್ಟ ಮಕ್ಕಳ ಶಾಲೆಯ ದಿನಚರಿ: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಿವಿ ಕೇಳಿಸದ ಅಥವಾ ಕಡಿಮೆ ಕೇಳಿಸುವ, ಆರು ವರ್ಷದೊಳಗಿನ ಮಕ್ಕಳಿಗೆಂದೇ ಇರುವ ಶಾಲೆಗಳಲ್ಲಿ ದಿನ ಹೇಗೆ ಸಾಗುತ್ತದೆ, ಯಾವ ಕೆಲಸವನ್ನು ಯಾಕೆ ಮಾಡುತ್ತಾರೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಕರ್ನಾಟಕದಲ್ಲಿ ಈ ವಿಷಯ ಬಂದಾಗಲೆಲ್ಲ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರು ಮೊದಲು ಕೇಳಿಬರುತ್ತದೆ. 1960ರ ದಶಕದಲ್ಲಿ ಆರಂಭವಾದ ಈ ಸಂಸ್ಥೆಯನ್ನು ನೆಚ್ಚಿಕೊಂಡು ದೂರದ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಬಂದು, ಮೈಸೂರಿನಲ್ಲೇ ಬಾಡಿಗೆ ಮನೆ ಹಿಡಿದು ಮಗುವಿಗೆ ಭಾಷೆ ಕಲಿಸುವ ತಾಯಂದಿರಿದ್ದಾರೆ. ಬೆಂಗಳೂರಿನಲ್ಲಿಯೂ ಬೇರೆ ಊರುಗಳಲ್ಲಿಯೂ ಇದೇ ಬಗೆಯ ಶಾಲೆಗಳಿವೆ. ವೇಳಾಪಟ್ಟಿ ಒಂದೊಂದು ಕಡೆ ಒಂದೊಂದು ರೀತಿ ಇರಬಹುದು. ಕೆಳಗೆ ಬರೆದಿರುವುದು ತಾಯಿ ಮತ್ತು ಮಗು ಒಟ್ಟಿಗೆ ಕಲಿಯುವ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಮಗುವಿಗೆ ಇನ್ನೂ ಒಂದೂವರೆ ವರ್ಷ. ಮೂರು ವರ್ಷ ತುಂಬಲಿ ಎಂದು ಕಾಯಬಹುದೇ?

ದಯವಿಟ್ಟು ಕಾಯಬೇಡಿ. ನಾವು ಕೊಡುವ ಉತ್ತರಗಳಲ್ಲೆಲ್ಲ ಇದು ಅತ್ಯಂತ ಖಚಿತವಾದದ್ದು. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಗುರಿ. ಮಿದುಳು ಭಾಷೆಯನ್ನು ಅತ್ಯಂತ ಸಲೀಸಾಗಿ ಹಿಡಿದುಕೊಳ್ಳುವುದು ಮೊದಲ ಮೂರು ವರ್ಷಗಳಲ್ಲಿ. ಆ ಕಾಲ ಸದ್ದಿಲ್ಲದೆ, ಸನ್ನೆಯೂ ಇಲ್ಲದೆ ಕಳೆದುಹೋದರೆ ಆಮೇಲೆ ಕಲಿಸುವುದು ಅಸಾಧ್ಯವೇನಲ್ಲ, ಆದರೆ ಒಂದೊಂದು ಪದಕ್ಕೂ ದುಪ್ಪಟ್ಟು ಶ್ರಮ ಬೇಕಾಗುತ್ತದೆ.

ನಮ್ಮಲ್ಲಿ ತಡವಾಗುವುದಕ್ಕೆ ಕಾರಣ ಬಹುಮಟ್ಟಿಗೆ ಪ್ರೀತಿಯೇ. ಅವರಪ್ಪನಿಗೂ ಮಾತು ಬಂದದ್ದು ನಾಲ್ಕು ವರ್ಷಕ್ಕೆ, ಗಂಡುಮಕ್ಕಳಿಗೆ ಮಾತು ತಡ ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ನಂಬಿಕೆಯ ಬಗ್ಗೆ ನಮಗೆ ತಕರಾರಿಲ್ಲ. ಹರಕೆಯ ಜೊತೆಗೇ ಬೇರಾ ಪರೀಕ್ಷೆಯೂ ಆಗಲಿ ಎಂಬುದಷ್ಟೇ ನಮ್ಮ ಕೋರಿಕೆ. ಮಗು ಮಲಗಿರುವಾಗಲೇ, ತಲೆಗೆ ಅಂಟಿಸಿದ ಪುಟ್ಟ ವಿದ್ಯುದ್ವಾರಗಳ ಮೂಲಕ, ಕಿವಿಗೆ ಹೋದ ಸದ್ದಿಗೆ ಶ್ರವಣ ನರ ಮತ್ತು ಮಿದುಳಕಾಂಡ ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಪರೀಕ್ಷೆ ಅದು. ನೋವಿಲ್ಲ. ಬಾಗಿಲು ಬಡಿದರೆ ಮಗು ತಿರುಗಿ ನೋಡುತ್ತದೆ, ಹಾಗಾಗಿ ಕಿವಿ ಕೇಳಿಸುತ್ತದೆ ಎಂದುಕೊಂಡು ಸುಮ್ಮನಾಗುವುದು ಸರಿಯಲ್ಲ. ಬಾಗಿಲಿನ ಸದ್ದು ಕೇಳಿಸಿಯೂ ಮಾತಿನ ನವಿರಾದ ಧ್ವನಿಗಳು ಕೇಳಿಸದೇ ಇರಬಹುದು. ಎಷ್ಟೋ ಸಲ ಮಗು ತಿರುಗುವುದು ಸದ್ದಿಗಲ್ಲ, ನೆಲದ ಅದುರಿಗೆ ಅಥವಾ ಗಾಳಿಯ ಅಲುಗಾಟಕ್ಕೆ.

ಶಾಲೆಯಲ್ಲಿ ತಾಯಿಯೂ ಇಡೀ ದಿನ ಕುಳಿತಿರಬೇಕೆನ್ನುತ್ತಾರೆ. ಏಕೆ?

ಶಾಲೆಯಲ್ಲಿ ಮಗು ಇರುವುದು ದಿನಕ್ಕೆ ಮೂರೋ ನಾಲ್ಕೋ ಗಂಟೆ. ಎಚ್ಚರವಾಗಿರುವ ಉಳಿದ ಹೊತ್ತೆಲ್ಲ ಅದು ಮನೆಯಲ್ಲಿರುತ್ತದೆ. ಕೇಳಿಸುವ ಮಗು ಯಾರೂ ಪಾಠ ಹೇಳದೆಯೂ ಭಾಷೆ ಕಲಿಯುವುದು, ಅಡುಗೆಮನೆಯ ಮಾತು, ಜಗಲಿಯ ಹರಟೆ, ಪಕ್ಕದ ಮನೆಯ ಜಗಳ ಎಲ್ಲವೂ ಕಿವಿಗೆ ಬೀಳುವುದರಿಂದ. ನಮ್ಮ ಮಕ್ಕಳಿಗೆ ಹಾಗೆ ತಾನಾಗಿ ಏನೂ ಬೀಳುವುದಿಲ್ಲ. ತಮಗಾಗಿ, ಹತ್ತಿರದಿಂದ, ಮುಖ ನೋಡಿ ಆಡಿದ ಮಾತು ಮಾತ್ರ ಅವರಿಗೆ ದಕ್ಕುತ್ತದೆ. ಆದ್ದರಿಂದ ಹೇಗೆ ಮಾತನಾಡಬೇಕು, ಎಲ್ಲಿ ನಿಲ್ಲಿಸಿ ಮಗುವಿನ ಸರದಿಗೆ ಕಾಯಬೇಕು, ಅದು ಬೆರಳು ತೋರಿಸಿದಾಗ ಏನು ಹೇಳಬೇಕು ಎಂಬುದನ್ನು ತಾಯಿ ಕಣ್ಣಾರೆ ಕಂಡು, ಶಿಕ್ಷಕಿಯ ಎದುರೇ ಮಾಡಿ ನೋಡಿ ಕಲಿಯಬೇಕಾಗುತ್ತದೆ.

ಇದು ತಾಯಿಯ ಮೇಲೆ ದೊಡ್ಡ ಹೊರೆ ಹೊರಿಸುತ್ತದೆ ಎಂಬುದು ನಮಗೆ ಗೊತ್ತು. ಕೆಲಸ ಬಿಟ್ಟವರು, ಇನ್ನೊಂದು ಮಗುವನ್ನು ತವರಿನಲ್ಲಿ ಬಿಟ್ಟು ಬಂದವರು, ಅತ್ತೆಮನೆಯ ಚುಚ್ಚುಮಾತು ಕೇಳಿಸಿಕೊಂಡೇ ಬರುವವರು ಇದ್ದಾರೆ. ತಾಯಿಯೇ ಬರಬೇಕೆಂಬ ನಿಯಮಕ್ಕಿಂತ, ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ಬರಬೇಕೆಂಬ ನಿಯಮ ನ್ಯಾಯವಾದದ್ದು. ಅಜ್ಜಿ ಬರಬಹುದು, ತಂದೆ ಬರಬಹುದು, ಚಿಕ್ಕಮ್ಮ ಬರಬಹುದು. ಅಕ್ಷರ ಬಾರದ ಅಜ್ಜಿಯರು ಅತ್ಯುತ್ತಮ ಶಿಕ್ಷಕಿಯರಾಗುವುದನ್ನು ನಾವು ಕಂಡಿದ್ದೇವೆ, ಯಾಕೆಂದರೆ ಒಂದೇ ಕಥೆಯನ್ನು ಬೇಸರವಿಲ್ಲದೆ ನೂರು ಸಲ ಹೇಳುವ ತಾಳ್ಮೆ ಅವರಿಗಿರುತ್ತದೆ.

ಬೆಳಿಗ್ಗೆ ತರಗತಿ ಹೇಗೆ ಆರಂಭವಾಗುತ್ತದೆ?

ಪ್ರಾರ್ಥನೆಗೂ ಮೊದಲು ಸಾಧನಗಳ ತಪಾಸಣೆ ನಡೆಯುತ್ತದೆ. ಶ್ರವಣ ಸಾಧನವನ್ನು ಹೆಚ್ಚಿನ ಪೋಷಕರು ಮಷೀನ್ ಎಂದೇ ಕರೆಯುತ್ತಾರೆ. ಬ್ಯಾಟರಿಯಲ್ಲಿ ಶಕ್ತಿ ಇದೆಯೇ, ಕೊಳವೆಯಲ್ಲಿ ಬೆವರಿನ ಹನಿ ಕುಳಿತಿದೆಯೇ, ಕಿವಿಯೊಳಗೆ ಕೂರುವ ಅಚ್ಚಿನ, ಅಂದರೆ ಮೋಲ್ಡಿನ ತೂತನ್ನು ಗುಗ್ಗೆ ಮುಚ್ಚಿದೆಯೇ ಎಂದು ನೋಡಿ, ಸ್ಟೆತೊಸ್ಕೋಪಿನಂಥ ಒಂದು ಉಪಕರಣದಿಂದ ಶಿಕ್ಷಕಿ ತಾವೇ ಮಷೀನಿನ ಧ್ವನಿ ಕೇಳಿ ಪರೀಕ್ಷಿಸುತ್ತಾರೆ. ಚಿಕ್ಕ ಮಗು ತನ್ನ ಮಷೀನ್ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಲಾರದು; ನಾವು ನೋಡದಿದ್ದರೆ ಆ ದಿನವೆಲ್ಲ ಅದು ಸುಮ್ಮನೆ ಕುಳಿತು ಹೋಗುತ್ತದೆ.

ಆಮೇಲೆ ಆರು ಧ್ವನಿಗಳ ಪರೀಕ್ಷೆ. ಡೇನಿಯಲ್ ಲಿಂಗ್ ಎಂಬ ಶ್ರವಣ ಶಿಕ್ಷಣ ತಜ್ಞರು ರೂಪಿಸಿದ ಈ ಕ್ರಮದಲ್ಲಿ ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳು ಮಾತಿನ ತಗ್ಗು ಸ್ವರದಿಂದ ಏರು ಸ್ವರದವರೆಗಿನ ಇಡೀ ಹರಹನ್ನು ಪ್ರತಿನಿಧಿಸುತ್ತವೆ. ಮಗು ಒಂದು ಮಣಿಯನ್ನು ಕೆನ್ನೆಯ ಹತ್ತಿರ ಹಿಡಿದು ಕಾಯುತ್ತದೆ. ಶಿಕ್ಷಕಿ ಪಕ್ಕದಲ್ಲಿ ಕುಳಿತು, ತುಟಿ ಕಾಣದಂತೆ ತೆಳುವಾದ ಬಟ್ಟೆಯನ್ನು ಅಡ್ಡ ಹಿಡಿದು, ಒಂದು ಧ್ವನಿ ಮಾಡುತ್ತಾರೆ. ಕೇಳಿಸಿದ ಕೂಡಲೇ ಮಗು ಮಣಿಯನ್ನು ಡಬ್ಬಿಗೆ ಹಾಕಬೇಕು. ಬಾಯಿಗೆ ಅಂಗೈ ಅಡ್ಡ ಹಿಡಿಯಬಾರದು, ಹಿಡಿದರೆ ಸ್ ಧ್ವನಿ ಮಂಕಾಗಿ ಪರೀಕ್ಷೆಯೇ ತಪ್ಪುತ್ತದೆ. ನಡುನಡುವೆ ಶಿಕ್ಷಕಿ ಏನೂ ಹೇಳದೆ ಸುಮ್ಮನಿರುತ್ತಾರೆ; ಆಗಲೂ ಮಣಿ ಬಿದ್ದರೆ ಮಗು ಕೇಳಿಸಿಕೊಳ್ಳುತ್ತಿಲ್ಲ, ಊಹಿಸುತ್ತಿದೆ ಎಂದು ತಿಳಿಯುತ್ತದೆ. ನಿನ್ನೆ ಆರಕ್ಕೂ ಮಣಿ ಹಾಕಿದ ಮಗು ಇಂದು ಮ್ ಧ್ವನಿಗೆ ಹಾಕದಿದ್ದರೆ ಮೋಲ್ಡ್ ಸಡಿಲವಾಗಿರಬಹುದು, ಕಿವಿಯೊಳಗೆ ನೀರು ತುಂಬಿರಬಹುದು, ಅಥವಾ ಮಷೀನಿನಲ್ಲಿಯೇ ತೊಂದರೆ ಇರಬಹುದು. ಐದು ನಿಮಿಷದ ಈ ಕೆಲಸವನ್ನು ರಜಾದಿನಗಳಲ್ಲಿ ಮನೆಯಲ್ಲಿಯೂ ಮಾಡಬೇಕು.

ತರಗತಿಗೆ ಬಂದು ನೋಡಿದರೆ ಮಕ್ಕಳು ಆಡುತ್ತಲೇ ಇರುತ್ತಾರೆ. ಪಾಠ ಯಾವಾಗ?

ನೀವು ನೋಡಿದ್ದೇ ಪಾಠ. ಮೂರು ವರ್ಷದ ಮಗುವಿಗೆ ಬೇಕಾದದ್ದು ಅಕ್ಷರಮಾಲೆಯಲ್ಲ, ಹೇಳಬೇಕೆನಿಸುವ ವಿಷಯ. ಉಪ್ಪಿಟ್ಟು ಮಾಡುವ ದಿನವನ್ನೇ ತೆಗೆದುಕೊಳ್ಳಿ. ಶಿಕ್ಷಕಿ ರವೆಯ ಡಬ್ಬಿಯನ್ನು ಅಲುಗಾಡಿಸಿ, ಮಕ್ಕಳು ಸದ್ದು ಕೇಳಿಸಿಕೊಳ್ಳುವವರೆಗೆ ಕಾದು, ಆಮೇಲೆ ತೋರಿಸುತ್ತಾರೆ. ಡಬ್ಬಿಯ ಮುಚ್ಚಳ ಬೇಕೆಂದೇ ಬಿಗಿಯಾಗಿರುತ್ತದೆ. ತೆಗೆದುಕೊಡಿ ಎಂದು ಮಗು ಕೇಳಬೇಕು. ರವೆ ಡಬ್ಬಿಯಲ್ಲಿದೆ, ಡಬ್ಬಿಯಿಂದ ಬಾಣಲೆಗೆ ಬಂತು, ಬಾಣಲೆಯಿಂದ ತಟ್ಟೆಗೆ ಬಂತು ಎಂದು ಪ್ರತಿ ಹಂತದಲ್ಲೂ ಪೂರ್ಣ ವಾಕ್ಯದಲ್ಲೇ ಹೇಳುತ್ತಾರೆ. ಕನ್ನಡದಲ್ಲಿ ಅರ್ಥವನ್ನು ಬದಲಿಸುವ ಅಲ್ಲಿ, ಇಂದ, ಗೆ ಮುಂತಾದ ಪ್ರತ್ಯಯಗಳು ಪದದ ಕೊನೆಯಲ್ಲಿ ಬರುತ್ತವೆ, ಮಾತಿನ ಓಟದಲ್ಲಿ ಅಲ್ಲಿಗೆ ಬರುವಷ್ಟರಲ್ಲಿ ದನಿ ಇಳಿದಿರುತ್ತದೆ. ಬಂದ, ಬಂದಳು, ಬಂತು ಎಂಬ ವ್ಯತ್ಯಾಸವೂ ಕೊನೆಯಲ್ಲೇ. ನಮ್ಮ ಮಕ್ಕಳು ಮೊದಲು ಕಳೆದುಕೊಳ್ಳುವುದು ಈ ಬಾಲಗಳನ್ನೇ. ಅದಕ್ಕಾಗಿಯೇ ಮಗುವಿನೊಡನೆ ರವೆ, ಬಾಣಲೆ ಎಂದು ತುಂಡು ಪದಗಳಲ್ಲಿ ಮಾತನಾಡಬೇಡಿ ಎಂದು ಪೋಷಕರಿಗೆ ಮತ್ತೆ ಮತ್ತೆ ಹೇಳುತ್ತೇವೆ. ಸುಲಭವಾಗಲಿ ಎಂದು ವಾಕ್ಯವನ್ನು ಮುರಿದರೆ ಮಗುವಿನ ಭಾಷೆಯೂ ಮುರುಕಾಗಿಯೇ ಬೆಳೆಯುತ್ತದೆ. ಕಿರುಚುವುದೂ, ತುಟಿಯನ್ನು ಅತಿಯಾಗಿ ಅಲುಗಿಸುವುದೂ ಬೇಡ. ಎರಡರಿಂದಲೂ ಧ್ವನಿ ವಿಕಾರವಾಗುತ್ತದೆ.

ತುಟಿ ನೋಡಿ ತಿಳಿದುಕೊಳ್ಳುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ ಮಳೆ, ಬಳೆ ಎಂದು ಹೇಳಿ ನೋಡಿ. ಪಾತ್ರೆ, ಮಾತ್ರೆ ಎಂದು ಹೇಳಿ ನೋಡಿ. ತುಟಿಯ ಚಲನೆಯಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ತುಟಿ ಓದುವುದು ಕೇಳ್ಮೆಗೆ ಒಂದು ಆಸರೆ, ಅದರ ಬದಲಿಯಲ್ಲ.

ಮಧ್ಯಾಹ್ನ ಅದೇ ಉಪ್ಪಿಟ್ಟಿನ ವಿಷಯವನ್ನು ಪ್ರತಿ ಮಗುವಿನ ಅನುಭವದ ಪುಸ್ತಕದಲ್ಲಿ ಬರೆಯಲಾಗುತ್ತದೆ. ತಾಯಿ ಮಗುವಿನ ಎದುರೇ ಚಿತ್ರ ಬಿಡಿಸುತ್ತಾಳೆ, ಕೆಳಗೆ ಎರಡು ವಾಕ್ಯ ಬರೆಯುತ್ತಾಳೆ, ಒಂದಿಷ್ಟು ಹಸಿ ರವೆಯನ್ನು ಅಂಟಿಸುತ್ತಾಳೆ. ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ. ಮಗು ಬೆರಳಿಟ್ಟು ಈ ಪುಟವನ್ನು ಅಪ್ಪನಿಗೂ ಅಜ್ಜನಿಗೂ ತೋರಿಸುವಾಗ, ಈಗ ಎದುರಿಗಿಲ್ಲದ, ಆಗಿಹೋದ ಸಂಗತಿಯ ಬಗ್ಗೆ ಮಾತನಾಡುವುದನ್ನು ಮೊದಲ ಬಾರಿಗೆ ಕಲಿಯುತ್ತದೆ. ಓದಿನ ಬೀಜ ಮೊಳೆಯುವುದೂ ಇಲ್ಲಿಯೇ.

ಒಂದು ತರಗತಿಯಲ್ಲಿ ಇಷ್ಟು ಕಡಿಮೆ ಮಕ್ಕಳು ಏಕೆ? ಕೋಣೆಗೆ ಪರದೆ, ನೆಲಕ್ಕೆ ಜಮಖಾನೆ ಏಕೆ?

ಮಕ್ಕಳು ಅರ್ಧವೃತ್ತದಲ್ಲಿ ಕುಳಿತು, ಪ್ರತಿಯೊಬ್ಬರ ಮುಖವೂ ಪ್ರತಿಯೊಬ್ಬರಿಗೂ ಕಾಣಬೇಕಾದರೆ ಸಂಖ್ಯೆ ಚಿಕ್ಕದಿರಲೇಬೇಕು. ಮಾತಿನ ಮೂಲದಿಂದ ದೂರ ಎರಡರಷ್ಟಾದರೆ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಿಂದಿನ ಬೆಂಚು ಎಂಬುದು ನಮ್ಮ ಮಕ್ಕಳಿಗೆ ಬೇರೆ ಊರೇ ಸರಿ. ಬರಿಯ ಗೋಡೆ, ಗಾರೆ ನೆಲ, ತಗಡಿನ ಮಾಡು ಸದ್ದನ್ನು ಪ್ರತಿಧ್ವನಿಸುತ್ತವೆ, ಮಷೀನ್ ಆ ಪ್ರತಿಧ್ವನಿಯನ್ನೂ ದೊಡ್ಡದು ಮಾಡುತ್ತದೆ. ಬಟ್ಟೆಯ ಪರದೆ ಮತ್ತು ಜಮಖಾನೆ ಅದನ್ನು ಹೀರಿಕೊಳ್ಳುತ್ತವೆ. ಮನೆಯಲ್ಲಿಯೂ ಮಗುವಿನೊಡನೆ ಮಾತನಾಡುವಾಗ ಟಿವಿ ಮತ್ತು ಮಿಕ್ಸಿ ಬಂದ್ ಮಾಡಿ.

ಸಂಕೇತ ಭಾಷೆ ಕಲಿಸಿದರೆ ಮಗು ಮಾತನಾಡುವುದನ್ನೇ ಬಿಟ್ಟುಬಿಡುತ್ತದೆಯೇ?

ಇಲ್ಲ. ಈ ಭಯ ಹಳೆಯದು, ಇದಕ್ಕೆ ಆಧಾರವಿಲ್ಲ. ಸಂಕೇತ ಭಾಷೆ ಮಾತನ್ನು ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ. ಮಾತನ್ನು ನಿಜವಾಗಿ ತಡೆಯುವುದು ಯಾವ ಭಾಷೆಯೂ ಇಲ್ಲದೆ ಕಳೆದ ವರ್ಷಗಳು. ಭಾರತೀಯ ಸಂಕೇತ ಭಾಷೆಗೆ ತನ್ನದೇ ವ್ಯಾಕರಣವಿದೆ, ಅದು ಕನ್ನಡವನ್ನು ಕೈಯಲ್ಲಿ ಹೇಳುವುದಲ್ಲ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಕೇತ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ದೇಶದಾದ್ಯಂತ ಈ ಭಾಷೆಯನ್ನು ಪ್ರಮಾಣೀಕರಿಸುವ ಮಾತು ಹೇಳಿದೆ.

ಪುಟ್ಟ ಮಕ್ಕಳ ಹಲವು ಶಾಲೆಗಳು ಕೇಳಿ ಮಾತನಾಡುವ ಪದ್ಧತಿಯನ್ನೇ ಅನುಸರಿಸುತ್ತವೆ, ಕೆಲವು ಎರಡನ್ನೂ ಬಳಸುತ್ತವೆ. ಸೇರಿಸುವ ಮೊದಲು ಇದನ್ನು ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಮಷೀನ್ ಹಾಕಿ ಒಳ್ಳೆಯ ತರಬೇತಿ ಕೊಟ್ಟು ತಿಂಗಳುಗಳು ಕಳೆದರೂ ಮಗುವಿಗೆ ಮಾತಿನಿಂದ ಏನೂ ದಕ್ಕುತ್ತಿಲ್ಲವಾದರೆ, ಇನ್ನೂ ಒಂದು ವರ್ಷ ನೋಡೋಣ ಎನ್ನುತ್ತಾ ಸಂಕೇತ ಭಾಷೆಯನ್ನು ಮುಂದೂಡುವುದು ಅನ್ಯಾಯ. ಕಿವುಡರಾದ ವಯಸ್ಕರನ್ನು ಶಾಲೆಗೆ ಕರೆಸಿ ಮಕ್ಕಳೊಡನೆ ಬೆರೆಯಲು ಬಿಡುವ ಶಾಲೆ ಸಿಕ್ಕರೆ ಅದು ಭಾಗ್ಯವೆಂದೇ ತಿಳಿಯಿರಿ. ತನ್ನಂತೆಯೇ ಮಷೀನ್ ಹಾಕಿಕೊಂಡ, ಕೆಲಸಕ್ಕೆ ಹೋಗುವ, ನಗುವ ದೊಡ್ಡವರನ್ನು ಈ ಮಕ್ಕಳಲ್ಲಿ ಅನೇಕರು ನೋಡಿಯೇ ಇರುವುದಿಲ್ಲ. ಅವರ ತಂದೆತಾಯಿಯರೂ ನೋಡಿರುವುದಿಲ್ಲ.

ನಮ್ಮ ಮನೆಮಾತು ತುಳು. ಶಾಲೆಯಲ್ಲಿ ಕನ್ನಡ. ಮುಂದೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ಆಸೆಯಿದೆ. ಮಗುವಿಗೆ ಯಾವ ಭಾಷೆ ಕಲಿಸಬೇಕು?

ಯಾವ ಭಾಷೆಯಲ್ಲಿ ನೀವು ಮುದ್ದು ಮಾಡುತ್ತೀರೋ, ಗದರುತ್ತೀರೋ, ಕಥೆ ಹೇಳುತ್ತೀರೋ ಆ ಭಾಷೆ ಮೊದಲು. ತುಳು, ಕೊಂಕಣಿ, ಉರ್ದು, ಕೊಡವ, ಬ್ಯಾರಿ, ಲಂಬಾಣಿ ಯಾವುದಾದರೂ ಸರಿ. ಮುಂದಿನ ಶಾಲೆಗೆ ಅನುಕೂಲವೆಂದು ತಾಯಿ ತನಗೆ ಅರೆಬರೆ ಬರುವ ಇಂಗ್ಲಿಷಿನಲ್ಲಿ ಮಗುವಿನೊಡನೆ ಮಾತನಾಡತೊಡಗಿದರೆ ಮಗುವಿಗೆ ಸಿಗುವುದು ಕಮ್, ಸಿಟ್, ಈಟ್ ಎಂಬ ಆಜ್ಞೆಗಳು ಮಾತ್ರ. ಒಂದು ಭಾಷೆ ಗಟ್ಟಿಯಾಗಿ ನೆಲೆಯೂರಿದ ಮೇಲೆ, ಸಾಕಷ್ಟು ಬಳಕೆ ಇದ್ದರೆ, ಶ್ರವಣದೋಷವುಳ್ಳ ಮಕ್ಕಳೂ ಎರಡನೆಯ ಭಾಷೆಯನ್ನು ಕಲಿಯುತ್ತಾರೆ.

ಕಾಕ್ಲಿಯರ್ ಇಂಪ್ಲಾಂಟ್ ಆದ ಮೇಲೂ ಶಾಲೆ ಬೇಕೇ?

ಆಗಲೇ ಹೆಚ್ಚು ಬೇಕು. ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕಳಿಸುವಂತೆ ಒಳಗಿವಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಸಾಧನವೇ ಈ ಇಂಪ್ಲಾಂಟ್. ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಕೆಲವು ವಾರಗಳ ನಂತರ ಹೊರಭಾಗದ ಯಂತ್ರವನ್ನು ಜೋಡಿಸಿ ಸ್ವಿಚ್ ಆನ್ ಮಾಡುತ್ತಾರೆ. ಆ ದಿನ ಮಗು ಅಮ್ಮನ ಮಾತಿಗೆ ನಗುತ್ತದೆ ಎಂದು ವಿಡಿಯೋಗಳನ್ನು ನೋಡಿ ನಿರೀಕ್ಷಿಸಿದವರಿಗೆ ನಿರಾಸೆಯಾಗಬಹುದು; ಹಲವು ಮಕ್ಕಳು ಅಳುತ್ತಾರೆ, ಕೆಲವರು ಏನೂ ಆಗದಂತೆ ಇರುತ್ತಾರೆ. ಕೇಳ್ಮೆಯ ವಯಸ್ಸು ಲೆಕ್ಕವಾಗುವುದು ಅಂದಿನಿಂದ. ಮೂರು ವರ್ಷದ ಮಗುವಾದರೂ ಕೇಳುವುದರಲ್ಲಿ ಅದು ಆಗಷ್ಟೇ ಹುಟ್ಟಿದ ಕೂಸು. ಮೇಲಿಂದ ಮೇಲೆ ಮ್ಯಾಪಿಂಗ್ ಮಾಡಿಸಿ, ವಿದ್ಯುತ್ ಸಂಕೇತದ ಮಟ್ಟವನ್ನು ಮಗುವಿಗೆ ಹೊಂದಿಸುತ್ತಾ, ವರ್ಷಗಟ್ಟಲೆ ಕೇಳುವುದನ್ನು ಕಲಿಸಬೇಕು.

ಮಗು ಮಷೀನನ್ನು ಕಿತ್ತು ಎಸೆಯುತ್ತದೆ. ಏನು ಮಾಡಬೇಕು?

ಮೊದಲು ನೋವಾಗುತ್ತಿದೆಯೇ ಎಂದು ನೋಡಿ. ಮೋಲ್ಡ್ ಒತ್ತುತ್ತಿದ್ದರೆ, ಧ್ವನಿ ಅತಿಯಾಗಿದ್ದರೆ ಯಾರಾದರೂ ಕೀಳುತ್ತಾರೆ. ಪುಟ್ಟ ಮಕ್ಕಳ ಕಿವಿ ಬೇಗ ಬೆಳೆಯುವುದರಿಂದ ಮೋಲ್ಡನ್ನು ಕೆಲವೇ ತಿಂಗಳಿಗೊಮ್ಮೆ ಬದಲಾಯಿಸಬೇಕಾಗುತ್ತದೆ. ಮಷೀನ್ ಕುಯ್ಯೆಂದು ಶಿಳ್ಳೆ ಹಾಕತೊಡಗಿದರೆ ಮೋಲ್ಡ್ ಸಡಿಲವಾಗಿದೆ ಎಂದು ಊಹಿಸಬಹುದು. ಎಲ್ಲವೂ ಸರಿಯಿದ್ದೂ ಕಿತ್ತರೆ, ಗದರದೆ, ನಗದೆ, ಸುಮ್ಮನೆ ಮತ್ತೆ ಹಾಕಿ. ಊಟ, ಆಟ, ಅಂಗಳದ ಸುತ್ತಾಟದಂಥ ಮಗುವಿಗೆ ಇಷ್ಟವಾದ ಹೊತ್ತಿನಲ್ಲಿ ಹಾಕಿದರೆ ಒಪ್ಪಿಕೊಳ್ಳುತ್ತದೆ. ಸ್ನಾನ ಮತ್ತು ನಿದ್ರೆಯನ್ನು ಬಿಟ್ಟು ಉಳಿದೆಲ್ಲ ಹೊತ್ತೂ ಮಷೀನ್ ಕಿವಿಯಲ್ಲಿರಬೇಕು. ಮದುವೆಮನೆಯಲ್ಲಿ ನಾಲ್ಕು ಜನ ನೋಡುತ್ತಾರೆಂದು ತೆಗೆದಿಡುವವರಿದ್ದಾರೆ, ಹೆಣ್ಣುಮಗುವಾದರೆ ಕೂದಲನ್ನು ಇಳಿಬಿಟ್ಟು ಮುಚ್ಚುವವರಿದ್ದಾರೆ. ಮಗು ಅದನ್ನು ಗಮನಿಸುತ್ತದೆ. ಎರಡು ಜಡೆ ಹಾಕಿ, ಮಲ್ಲಿಗೆ ಮುಡಿಸಿ, ಮಷೀನ್ ಎಲ್ಲರಿಗೂ ಕಾಣಲಿ.

ಒಂದು ಎಚ್ಚರಿಕೆ: ಬ್ಯಾಟರಿ ಕಡಲೆಕಾಳಿನಷ್ಟು ಚಿಕ್ಕದು, ಮಗು ಅದನ್ನು ನುಂಗಿದರೆ, ಮೂಗಿಗೆ ಹಾಕಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೀಗವಿರುವ ಬ್ಯಾಟರಿ ಬಾಗಿಲನ್ನು ಕೇಳಿ ಹಾಕಿಸಿಕೊಳ್ಳಿ.

ಕಿವಿಗೆ ಬಿಸಿ ಎಣ್ಣೆ ಹಾಕಬಹುದೇ?

ಬೇಡ. ಎಣ್ಣೆಯಿಂದ ಕೇಳ್ಮೆ ಬರುವುದಿಲ್ಲ. ಕಿವಿಯ ತಮಟೆಯಲ್ಲಿ ತೂತಿದ್ದರೆ ಸೋಂಕು ಒಳಗೆ ಹೋಗುತ್ತದೆ. ಕಿವಿ ಸೋರುತ್ತಿದ್ದರೆ ಅಥವಾ ನೆಗಡಿ ಹಲವು ದಿನ ಬಿಡದಿದ್ದರೆ ಕಿವಿ ವೈದ್ಯರಿಗೆ ತೋರಿಸಿ. ನಡುಗಿವಿಯಲ್ಲಿ ದ್ರವ ತುಂಬಿದರೆ ಇರುವ ಕೇಳ್ಮೆಯೂ ಕುಗ್ಗುತ್ತದೆ.

ಮಳೆಗಾಲದಲ್ಲಿ ಮಷೀನನ್ನು ಹೇಗೆ ಕಾಪಾಡುವುದು?

ರಾತ್ರಿ ಬ್ಯಾಟರಿ ತೆಗೆದು, ಮಷೀನನ್ನು ತೇವ ಹೀರುವ ಸಿಲಿಕಾ ಜೆಲ್ ಹರಳುಗಳಿರುವ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಮಲೆನಾಡು ಮತ್ತು ಕರಾವಳಿಯವರಿಗೆ ಇದು ಅನಿವಾರ್ಯ. ಬಿಸಿಲಿಗೆ, ಒಲೆಯ ಬಳಿ ಇಟ್ಟು ಒಣಗಿಸಬೇಡಿ.

ತಂದೆ ದೂರದ ಊರಿನಲ್ಲಿದ್ದಾರೆ. ಅವರ ಪಾತ್ರವೇನು?

ಕರಾವಳಿಯ ಎಷ್ಟೋ ತಂದೆಯರು ಕೊಲ್ಲಿ ದೇಶಗಳಲ್ಲಿರುತ್ತಾರೆ. ವಿಡಿಯೋ ಕರೆಯಲ್ಲಿ ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತು, ಅಂದಿನ ಅನುಭವದ ಪುಸ್ತಕದ ಪುಟವನ್ನು ತಾಯಿಯಿಂದ ಮೊದಲೇ ತರಿಸಿಕೊಂಡು, ಅದರ ಬಗ್ಗೆಯೇ ಮಗುವಿನೊಡನೆ ಮಾತನಾಡಲಿ. ಊಟ ಆಯ್ತಾ ಎಂಬ ಪ್ರಶ್ನೆಗೆ ತಲೆಯಾಡಿಸಿದರೆ ಮಾತು ಮುಗಿಯಿತು. ಉಪ್ಪಿಟ್ಟು ಸುಟ್ಟುಹೋಯಿತಂತಲ್ಲ, ಯಾರು ಸುಟ್ಟದ್ದು ಎಂದರೆ ಮಗುವಿಗೆ ಹೇಳಲು ಏನಾದರೂ ಇರುತ್ತದೆ.

ಸಾಮಾನ್ಯ ಶಾಲೆಗೆ ಯಾವಾಗ ಕಳಿಸಬಹುದು?

ವಯಸ್ಸಿಗಿಂತ ಭಾಷೆಯನ್ನು ನೋಡಿ ನಿರ್ಧರಿಸಬೇಕು. ಕಥೆ ಕೇಳಿ ಅದರ ಬಗ್ಗೆ ಪ್ರಶ್ನೆ ಕೇಳುವ, ನಿನ್ನೆ ನಡೆದದ್ದನ್ನು ಹೇಳುವ, ಗೊತ್ತಾಗದಿದ್ದಾಗ ಇನ್ನೊಮ್ಮೆ ಹೇಳಿ ಎನ್ನುವ ಮಗು ಸಿದ್ಧವಾಗಿದೆ. ಕೊನೆಯದು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ನಾಚಿಕೊಂಡು ಎಲ್ಲಕ್ಕೂ ತಲೆಯಾಡಿಸುವ ಮಗು ದೊಡ್ಡ ತರಗತಿಯಲ್ಲಿ ಕಳೆದುಹೋಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಹೊಸ ಶಾಲೆಯ ಶಿಕ್ಷಕರನ್ನು ಮೊದಲೇ ಕಂಡು, ಕಪ್ಪುಹಲಗೆಯ ಕಡೆ ತಿರುಗಿ ಮಾತನಾಡಬೇಡಿ, ಮಗುವನ್ನು ಮುಂದೆ ಕೂರಿಸಿ ಎಂಬ ಎರಡು ಮಾತು ಹೇಳಿ ಬನ್ನಿ. ವಿಶೇಷ ಶಾಲೆಯಲ್ಲೇ ಮುಂದುವರಿಯುವುದು ಸೋಲಲ್ಲ. ಎಲ್ಲಿ ಮಗುವಿಗೆ ಗೆಳೆಯರೂ ಪಾಠವೂ ಸಿಗುತ್ತವೆಯೋ ಅದು ಸರಿಯಾದ ಶಾಲೆ.

ಸರ್ಕಾರದಿಂದ ಏನು ನೆರವು ಸಿಗುತ್ತದೆ?

ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ತಪಾಸಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಶ್ರವಣದೋಷವೂ ಅದರ ಪಟ್ಟಿಯಲ್ಲಿದೆ. ಆದಾಯ ಮಿತಿಯೊಳಗಿನ ಕುಟುಂಬಗಳಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಶ್ರವಣ ಸಾಧನವೂ, ಹುಟ್ಟಿನಿಂದಲೇ ಕೇಳಿಸದ 1ರಿಂದ 5 ವರ್ಷದ ಅರ್ಹ ಮಕ್ಕಳಿಗೆ ಇಂಪ್ಲಾಂಟ್ ಕೂಡ ದೊರೆಯುತ್ತದೆ. ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯೂ ಪುಟ್ಟ ಮಕ್ಕಳಿಗೇ ಮೀಸಲು. ಅರ್ಜಿ ಹಾಕುವುದರಲ್ಲಿ ತಿಂಗಳುಗಳು ಕಳೆಯುವುದರಿಂದ ದೋಷ ಖಚಿತವಾದ ವಾರವೇ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಆಗಲೇ ಅರ್ಜಿ ಹಾಕಿ.

ಮೊದಲ ದಿನ ಏನು ತರಬೇಕು?

ಶ್ರವಣ ಪರೀಕ್ಷೆಯ ಎಲ್ಲ ವರದಿಗಳು, ಮಷೀನ್, ಹೆಚ್ಚುವರಿ ಬ್ಯಾಟರಿ, ಒಂದು ಖಾಲಿ ಚಿತ್ರಪುಸ್ತಕ, ಮಗುವಿಗೆ ಇಷ್ಟವಾದ ತಿಂಡಿ ತನ್ನಿ. ಬ್ಯಾಟರಿಯ ಮೇಲಿನ ಬಣ್ಣದ ಪಟ್ಟಿಯನ್ನು ಮನೆಯಲ್ಲೇ ಕೀಳಬೇಡಿ. ಗಾಳಿ ತಾಗಿದ ಕೂಡಲೇ ಅದು ಖರ್ಚಾಗತೊಡಗುತ್ತದೆ. ಮನೆಯವರ ಫೋಟೊಗಳಿದ್ದರೆ ತನ್ನಿ, ಅಜ್ಜಿ ತಾತ, ಹಸು, ನಾಯಿ ಎಲ್ಲವೂ ಇರಲಿ. ಮೊದಲ ವಾರದ ಪಾಠ ಆ ಫೋಟೊಗಳಿಂದಲೇ ನಡೆಯುತ್ತದೆ.